ಎರಡನೇ ಪಾಳಿಯ ನೀರು

ಜನವರಿ 12, 2025, ಭಾನುವಾರ

ತೊಟ್ಟಿ: ಎರಡಡಿ ಒಂದಂಗುಲ. ಮಹಾದೇವಿ: ಆರುನೂರ ಐವತ್ತು.

ಅಂಜನಾಪುರ ಕಾಲುವೆಯ ಮೇಲೆ ಮೂವತ್ತೊಂದು ವರ್ಷ ತೂಬು ಕಾದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದವನು ನಾನು. ದಿನಕ್ಕೊಮ್ಮೆ ನೀರಿನ ಮಟ್ಟ ಬರೆಯದಿದ್ದರೆ ಕೈ ಕಡಿಯುತ್ತದೆ. ನಿವೃತ್ತನಾಗಿ ಐದು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ಆಗ ಗೇಟಿನ ಪುಸ್ತಕ, ಈಗ ಈ ಡೈರಿ. ಇದಕ್ಕೆ ಯಾವ ಇಂಜಿನಿಯರೂ ಬಂದು ಸಹಿ ಹಾಕಬೇಕಾಗಿಲ್ಲ, ಅಷ್ಟೇ.

ತೊಟ್ಟಿ ಎಂದರೆ ಹಿತ್ತಲ ಸಿಮೆಂಟ್ ತೊಟ್ಟಿ. ಮನೆ ಕಟ್ಟುವಾಗ ಇಟ್ಟಿಗೆ ನೆನೆಸಲು ಮಾಡಿಸಿದ್ದು. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಅದರಲ್ಲಿ ಬಿಟ್ಟುಹೋದ ಹತ್ತು ಮೀನು ಈಗ ನೂರಾರು ಆಗಿವೆ. ಬೇಲಿಯಾಚೆಯ ಸುಬ್ಬಪ್ಪ, "ಲಿಂಗ ಕಟ್ಟಿದೋರ ಮನೇಲಿ ಮೀನು! ಬರೀ ಸಾಕೋದಷ್ಟೇನಾ ಮಲ್ಲಿಕಾರ್ಜುನಪ್ನೋರೆ, ಇಲ್ಲಾ..." ಎಂದು ವಾರಕ್ಕೊಮ್ಮೆ ಕೇಳಿ ತನ್ನ ಜೋಕಿಗೆ ತಾನೇ ನಗುತ್ತಾನೆ.

ಎರಡನೆಯ ಅಂಕಿ ನನ್ನ ಹೆಂಡತಿ ಮಹಾದೇವಿ ಇಡೀ ದಿನ ಕುಡಿದದ್ದು, ಮಿಲಿಲೀಟರಿನಲ್ಲಿ. ಅವಳ ಎರಡೂ ಕಿಡ್ನಿ ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಏಳುನೂರು ದಾಟಬಾರದು. ದಾಟಿದರೆ ಆ ನೀರು ಹೊರಗೆ ಹೋಗಲು ದಾರಿಯಿಲ್ಲ, ಕಾಲಿಗಿಳಿಯುತ್ತದೆ, ಎದೆಗೇರುತ್ತದೆ. ಬೇರೆ ಕಿಡ್ನಿ ಹಾಕೋಣವೆಂದರೆ ಹೃದಯ ತಡೆಯುವುದಿಲ್ಲವಂತೆ. ಊರಿಗೆಲ್ಲ ನೀರು ಬಿಟ್ಟವನು ಈಗ ಮನೆಯಲ್ಲಿ ಒಬ್ಬಳಿಗೆ ಅಳೆದು ಕೊಡುತ್ತಿದ್ದೇನೆ.

ಹೋದ ವಾರ ಅವಳು, "ತೊಟ್ಟೀಲಿ ನೈದಿಲೆ ಹಾಕ್ರೀ. ನೀರು ಕುಡಿಯಂಗಿಲ್ಲ, ನೋಡಾಕೇನು ಅಡ್ಡಿ?" ಎಂದಳು. ಕಾಯಿಲೆ ಬಂದ ಮೇಲೆ ಅವಳಾಗಿಯೇ ಒಂದು ಬೇಕು ಎಂದದ್ದು ಇದೇ ಮೊದಲು. ಸೊರಬದಲ್ಲಿರುವ ಮಗಳು ಸೌಂದರ್ಯ, ಉಳವಿಯಲ್ಲಿ ನೈದಿಲೆ ಬೆಳೆಯುವ ಸಿದ್ಧಲಿಂಗೇಶ್ ಎಂಬವರಿಂದ ಗಡ್ಡೆ ತರಿಸಿ ಬಸ್ಸಿನಲ್ಲಿ ಕಳಿಸಿದಳು. ಹಾರ್ಡಿ ಜಾತಿಯಂತೆ. ಚಳಿಗೂ ಜಗ್ಗದ ಗಟ್ಟಿ ಜೀವವಂತೆ. ಜೊತೆಗೆ ನೆಡುವ ಕ್ರಮ ಬರೆದ ಚೀಟಿ ಇತ್ತು, ಓದಲಿಲ್ಲ. ನೋಡಲು ಥೇಟ್ ಶುಂಠಿ. ಶಿಕಾರಿಪುರದವನಿಗೆ ಗಡ್ಡೆ ಊರುವುದನ್ನು ಯಾರೋ ಹೇಳಿಕೊಡಬೇಕೇ? ಟಬ್ಬಿಗೆ ಅರ್ಧ ಮಣ್ಣು, ಅರ್ಧ ಕೊಟ್ಟಿಗೆ ಗೊಬ್ಬರ ಹಾಕಿ, ಗಡ್ಡೆಯನ್ನು ಮೂರು ತುಂಡು ಮಾಡಿ ಊರಿ, ಮೊಳಕೆಯ ಮೇಲೆ ಎರಡಂಗುಲ ಮಣ್ಣು ಮುಚ್ಚಿ ಮುಳುಗಿಸಿದೆ. ಅಚ್ಚುಕಟ್ಟಾಗಿ ಬಂತು.

ಜನವರಿ 15, ಬುಧವಾರ

ತೊಟ್ಟಿ: ಎರಡಡಿ ಒಂದಂಗುಲ. ಮಹಾದೇವಿ: ಆರುನೂರ ಎಂಬತ್ತು.

ಆಸ್ಪತ್ರೆಯಲ್ಲಿ ನಮ್ಮದು ಎರಡನೇ ಪಾಳಿ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟರೆ ಬರುವುದು ನಾಲ್ಕೂವರೆಗೆ. ಕಾಲುವೆಯಲ್ಲೂ ಪಾಳಿ, ಇಲ್ಲೂ ಪಾಳಿ. ನನ್ನ ಹಣೆಯಲ್ಲಿ ಈ ಪದ ಬರೆದಿಟ್ಟಿದ್ದಾರೆ.

ಇವತ್ತು ತೂಕ ಮೂರು ಕೆಜಿ ಜಾಸ್ತಿ. ಎರಡೇ ದಿನಕ್ಕೆ! ನರ್ಸ್ ಸುಮಾ ನನ್ನ ಪುಸ್ತಕ ತಿರುಗಿಸಿ ನೋಡಿ, "ಯಜಮಾನ್ರೇ, ನೀವು ಬರ್ದಿರೋ ಲೆಕ್ಕಕ್ಕೆ ಇಷ್ಟು ತೂಕ ಬರಂಗಿಲ್ಲ. ಎಲ್ಲೋ ಸೋರ್ತಾ ಐತೆ" ಎಂದಳು. ನೀರುಗಂಟಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮಹಾದೇವಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಜನವರಿ 16, ಗುರುವಾರ

ಸಿಕ್ಕಿಬಿದ್ದಳು. ಪೂಜೆಯ ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ನನ್ನನ್ನು ನೋಡಿ, "ತೀರ್ಥ ಕಣ್ರೀ. ಅದನ್ನೂ ಲೆಕ್ಕಕ್ಕೆ ಹಿಡೀತೀರಾ?" ಎಂದಳು. ಲಿಂಗಕ್ಕೆ ಎರೆಯುವುದು ಮೂರು ಚಮಚ. ಬೊಗಸೆಗಟ್ಟಲೆ ತೀರ್ಥ ಎಲ್ಲಿಯದು?

ಕದ್ದು ತೂಬು ಎತ್ತುವವರನ್ನು ಮೂವತ್ತೊಂದು ವರ್ಷ ಹಿಡಿದಿದ್ದೇನೆ. ಗೌಡರ ಮಗನೆಂದೂ ನೋಡಿಲ್ಲ, ನೆಂಟನೆಂದೂ ನೋಡಿಲ್ಲ. ಸ್ಪ್ಯಾನರ್ ತಂದು ಅಡುಗೆಮನೆಯ ನಲ್ಲಿಯ ತಲೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಬಚ್ಚಲಿನದ್ದೂ ಬಿಚ್ಚಿದೆ. ಇನ್ನು ಮುಂದೆ ಅಡುಗೆಗೆ, ಸ್ನಾನಕ್ಕೆ ನಾನೇ ತುಂಬಿ ಕೊಡುತ್ತೇನೆ.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ತೊಟ್ಟಿ: ಎರಡಡಿ. ಮಹಾದೇವಿ: ನಾನೂರ ಎಂಬತ್ತು, ಬೊಗಸೆ ಬಿಟ್ಟು.

ಜನವರಿ 19, ಭಾನುವಾರ

ತೊಟ್ಟಿ: ಎರಡಡಿ. ಮಹಾದೇವಿ: ಆರುನೂರ ಹತ್ತು.

ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿದೆ. ನಾತ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಗಡ್ಡೆಯ ಸುದ್ದಿಯೇ ಇಲ್ಲ.

ಜನವರಿ 21, ಮಂಗಳವಾರ

ಇದನ್ನು ಬರೆಯಲೇಬೇಕೇ? ಬರೆಯುತ್ತೇನೆ.

ಬೆಳಿಗ್ಗೆ ಹಿತ್ತಲಿಗೆ ಹೋದೆ. ಮಹಾದೇವಿ ತೊಟ್ಟಿಯ ಕಟ್ಟೆಗೆ ಎದೆಯೂರಿ ಬಗ್ಗಿದ್ದಳು. ಮೀನು ನೋಡುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋದರೆ ಬಾಯಿ, ಗದ್ದ, ಸೆರಗು ಎಲ್ಲ ಒದ್ದೆ. ತುಟಿಯ ಮೇಲೆ ಗೊಬ್ಬರದ ಚೂರು ಅಂಟಿತ್ತು.

ಆ ನೀರು! ಸಗಣಿ ಕೊಳೆತ, ಮೀನು ಸತ್ತು ತೇಲುವ ಆ ನೀರು!

ಅವಳೇ ಹೇಳಿದಳು. "ಏನ್ ಮಾಡ್ಲಿ. ನಾಲಿಗೆ ಮರದ ಚಕ್ಕೆ ಆಗಿರ್ತೈತ್ರೀ. ನಿಮಗೆ ಗೊತ್ತಾಗಲ್ಲ." ಅಳಲೂ ಇಲ್ಲ, ನಾಚಿಕೆಯೂ ಪಡಲಿಲ್ಲ.

ಎರಡೂ ನಲ್ಲಿಯ ತಲೆ ಹಾಕಿದೆ. ಹಾಕುವಾಗ ಸ್ಪ್ಯಾನರ್ ಎರಡು ಸಲ ಜಾರಿತು. ಥೂ, ನನ್ನ ಜನ್ಮಕ್ಕಿಷ್ಟು. ಬರದಲ್ಲೂ ಕುಡಿಯುವ ನೀರನ್ನು ಯಾರಿಗೂ ಬಂದ್ ಮಾಡಿದವನಲ್ಲ ನಾನು.

ಜನವರಿ 26, ಭಾನುವಾರ

ತೊಟ್ಟಿ: ಖಾಲಿ. ಮಹಾದೇವಿ: ಅವಳು ಹೇಳಿದ್ದು ಏಳುನೂರು. ನಂಬಿದ್ದೇನೆ.

ಸೌಂದರ್ಯ ತಾಯಿಯ ಹತ್ತಿರ ಬಂದು ಕೂತಳು. ನಾನು ಸೊರಬಕ್ಕೆ ಹೋಗಿ, ಬಸ್ಸು ಬದಲಿಸಿ ಉಳವಿಗೆ ಹೋದೆ. ಸಿದ್ಧಲಿಂಗೇಶ್ ಮನೆಯ ಹಿಂದೆ ಆರು ಹೊಂಡ, ಎಲ್ಲದರಲ್ಲೂ ಹೂ, ಎಲ್ಲದರಲ್ಲೂ ಮೀನು. ಒಯ್ದಿದ್ದ ಕೊಳೆತ ಗಡ್ಡೆಯ ತುಂಡು ತೋರಿಸಿದೆ.

"ಅಲ್ಲ ಮಾರಾಯ್ರೇ, ಶುಂಠಿ ಊರಿದ ಹಾಗೆ ಊರಿದ್ರ?" ಎಂದು ನಕ್ಕರು. "ಚೀಟಿ ಬರ್ದು ಕಳ್ಸಿದ್ನಲ! ಗೊಬ್ಬರ ನೀರಲ್ಲಿ ಕೊಳ್ತರೆ ಮೀನಿಗೆ ಉಸಿರೇ ಸಿಗೂದಿಲ್ಲ. ಬರೀ ಗದ್ದೆ ಮಣ್ಣು ಸಾಕು. ಗಡ್ಡೆನ ಅಂಚಿಗೆ ಓರೆಯಾಗಿ ಮಲಗ್ಸಿ, ತಲೆ ಮಾತ್ರ ಹೊರಗೆ ಬಿಡಿ. ಮೇಲೊಂದು ಹಿಡಿ ಜಲ್ಲಿ ಹಾಕಿ, ಮೀನು ಮಣ್ಣು ಕೆದ್ರದಂಗೆ. ಆಮೇಲೆ ಅದರ ತಂಟೆಗೆ ಹೋಗ್ಬೇಡಿ. ನಿಮ್ಮ ಕಡೆಯೋರು ಉಪಚಾರ ಮಾಡಿ ಮಾಡಿಯೇ ಕೊಲ್ಲೂದು."

ಬೇರೆಯವನು ಹೇಳಿದ್ದರೆ ಕೆನ್ನೆಗೆ ಬಿಡುತ್ತಿದ್ದೆ. ತಲೆಯಾಡಿಸಿದೆ.

ಹೊರಡುವಾಗ ಇನ್ನೊಂದು ಹೇಳಿದರು. ಈ ಜಾತಿಯ ಹೂ ಬೆಳಿಗ್ಗೆ ಹತ್ತರ ಹೊತ್ತಿಗೆ ಅರಳಿ ಮೂರಕ್ಕೆಲ್ಲ ಬಾಗಿಲು ಹಾಕುತ್ತದೆ. ಹಾಗೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಆಮೇಲೆ ಮುಳುಗಿಹೋಗುತ್ತದೆ. ಹತ್ತರಿಂದ ಮೂರು! ಎರಡನೇ ಪಾಳಿಯವರಿಗೆ ಆ ಹೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜನವರಿ 29, ಬುಧವಾರ

ತೊಟ್ಟಿ: ಎರಡಡಿ. ಮಹಾದೇವಿ: ಏಳುನೂರು.

ತೊಟ್ಟಿ ತೊಳೆದು, ಹೊಸ ನೀರು ಬಿಟ್ಟು, ಸಿದ್ಧಲಿಂಗೇಶ್ ಕೊಟ್ಟ ಹೊಸ ಗಡ್ಡೆಯನ್ನು ಅವರು ಹೇಳಿದಂತೆಯೇ ನೆಟ್ಟೆ. ಉಳಿದ ಹನ್ನೊಂದು ಮೀನನ್ನು ಬಕೆಟ್‌ನಿಂದ ಅದಕ್ಕೆ ಬಿಟ್ಟೆ.

ನಮ್ಮನ್ನು ಮೊದಲನೇ ಪಾಳಿಗೆ ಹಾಕಿ ಎಂದು ಸುಮಾ ಸಿಸ್ಟರನ್ನು ಕೇಳಿದೆ. ಬೆಳಿಗ್ಗೆ ಆರಕ್ಕೆ ಶುರುವಾಗಿ ಹತ್ತೂವರೆಗೆ ಮುಗಿಯುತ್ತದೆ. "ಹಾಸಿಗೆ ಖಾಲಿ ಆದ್ರೆ ಹೇಳ್ತೀನಿ" ಎಂದಳು. ಮನೆಗೆ ಬಂದ ಮೇಲೆ ಹೊಳೆಯಿತು, ಅಲ್ಲಿ ಹಾಸಿಗೆ ಹೇಗೆ ಖಾಲಿಯಾಗುತ್ತದೆ ಎಂದು. ಹೊಳೆದ ಮೇಲೂ, ಬೇಗ ಆಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಸುಳ್ಳಲ್ಲ.

ಫೆಬ್ರವರಿ 11, ಮಂಗಳವಾರ

ತೊಟ್ಟಿ: ಎರಡಡಿ ಒಂದಂಗುಲ. ಮಹಾದೇವಿ: ಆರುನೂರ ಎಪ್ಪತ್ತು.

ಎಲೆ ಬಂದಿದೆ! ಕೆಂಪು ಬಣ್ಣದ್ದು, ಸುರುಳಿ ಸುತ್ತಿಕೊಂಡಿದೆ. ಮಹಾದೇವಿ ನೋಡಿ, "ಈ ಸಲ ನೀವು ಏನೂ ಮಾಡ್ಬ್ಯಾಡ್ರಿ, ಸುಮ್ಕಿರಿ" ಎಂದಳು. ಅರ್ಧ ತಿಂಗಳಿಂದ ಕೈ ಕಟ್ಟಿಕೊಂಡು ಕೂತಿದ್ದೇನೆ ಮಾರಾಯ್ತಿ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಆಸ್ಪತ್ರೆಗೂ ಬಿಡುವಿಲ್ಲ, ಕಾಯಿಲೆಗೂ ಇಲ್ಲ. ಸುಮಾ ಸಿಸ್ಟರ್ ಕೂಡ ಉಪವಾಸ, ನೀರೂ ಮುಟ್ಟಿರಲಿಲ್ಲ. ಮಹಾದೇವಿ ಮಷೀನಿಗೆ ಕೈ ಕೊಟ್ಟು ಮಲಗಿದವಳು, "ಇವತ್ತೊಂದಿನ ಊರೋರೆಲ್ಲ ನನ್ನ ಜತೀಗೆ ಅದಾರೆ" ಎಂದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಎಲೆ ಐದು.

ಮಹಾದೇವಿ: ಬರೆದುಕೊಂಡಿಲ್ಲ.

ಮಾರ್ಚ್ 14, ಶುಕ್ರವಾರ

ದುರುಗಮ್ಮ ಹೋದಳು. ಮೊದಲನೇ ಪಾಳಿಯವಳು, ಕುರಿ ಸಾಕಿದ ಮನೆಯ ಹೆಂಗಸು. ಪಾಳಿ ಬದಲಾಗುವಾಗ ಮಹಾದೇವಿಗೆ ಹಾಸಿಗೆ ಬಿಟ್ಟುಕೊಟ್ಟು, "ಬಾ ಅಕ್ಕ, ಬೆಚ್ಚಗೆ ಮಾಡಿ ಇಟ್ಟೀನಿ" ಎನ್ನುತ್ತಿದ್ದಳು. ಇವತ್ತು ಹಾಸಿಗೆ ತಣ್ಣಗಿತ್ತು ಎಂದಳು ಮಹಾದೇವಿ.

ಸುಮಾ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಸೋಮವಾರದಿಂದ ಬೆಳಿಗ್ಗೆ ಪಾಳಿಗೆ ಬರ್ರಿ" ಎಂದಳು. ಕೇಳಿಸಿಕೊಂಡ ಮಹಾದೇವಿ ಮಲಗಿದಲ್ಲಿಂದಲೇ, "ಆಕಿ ಪಾಳಿ ನನಗೆ ಬ್ಯಾಡ" ಎಂದಳು.

ದಾರಿಯುದ್ದಕ್ಕೂ ಆಟೋದಲ್ಲಿ ಜಗಳ. ಹೂ ಅರಳಿದಾಗ ನೋಡುವುದು ಬೇಡವೇ ಎಂದೆ. "ಆಕಿ ಸತ್ತಿದ್ದಕ್ಕೆ ನನಗೆ ಹೂವು ಕಾಣಬೇಕೇನ್ರೀ?" ಎಂದಳು. ನಾನು ಜನವರಿಯಲ್ಲಿ ಅಂದುಕೊಂಡದ್ದು ಇವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಮಾರ್ಚ್ 30, ಭಾನುವಾರ

ಯುಗಾದಿ. ಎಲೆಗಳ ನಡುವೆ ಗೋಲಿಯಷ್ಟು ಮೊಗ್ಗು, ಇನ್ನೂ ನೀರಿನೊಳಗೇ ಇದೆ. ಮಹಾದೇವಿಯ ಕಾಲು ಊದಿದೆ, ಮುಖ ಬತ್ತಿದೆ. ಬೇವು ಬೆಲ್ಲ ಕೊಟ್ಟರೆ ಬೇವು ಮಾತ್ರ ತಿಂದಳು. ಸಿಹಿ ತಿಂದರೆ ದಾಹವಾಗುತ್ತದಂತೆ. ನನಗೂ ಒಂದು ಹೋಳಿಗೆ ತಿನ್ನಲಾಗಲಿಲ್ಲ.

ಏಪ್ರಿಲ್ 7, ಸೋಮವಾರ

ನಿನ್ನೆ ಮೊಗ್ಗು ನೀರಿನ ಮೇಲೆ ಬಂದಿತ್ತು. ಬೆಳಿಗ್ಗೆ ನಾವು ಹೊರಡುವಾಗ ತುದಿ ಬಿರಿದಿತ್ತು, ಒಳಗೆ ಗುಲಾಬಿ ಬಣ್ಣ ಕಾಣುತ್ತಿತ್ತು. ಆಟೋ ಕಾಯುತ್ತಿತ್ತು. ಸಂಜೆ ಬರುವಷ್ಟರಲ್ಲಿ ಮುಚ್ಚಿಕೊಂಡಿತ್ತು.

ಸುಬ್ಬಪ್ಪ ಬೇಲಿಯ ಮೇಲಿಂದ, "ಅಯ್ಯೋ ಅಕ್ಕಾರೆ, ತಟ್ಟೆಯಗಲ ಅರಳಿತ್ರೀ! ನನ್ನ ಹೆಂಡ್ರು ಫೋಟೋ ಹೊಡದಾಳೆ" ಎಂದು ಫೋನ್ ತಂದ. ಮಹಾದೇವಿ ಫೋಟೋ ನೋಡಲಿಲ್ಲ. "ನಾಳೆ ಮನೇಲೇ ಇರ್ತೀನಲ್ಲ, ನಾಳೆ ನೋಡ್ತೀನಿ" ಎಂದಳು.

ಏಪ್ರಿಲ್ 8, ಮಂಗಳವಾರ

ನೋಡಿದಳು. ಎಂಟು ಗಂಟೆಗೆ ಹೋಗಿ ಕುರ್ಚಿಯಲ್ಲಿ ಕೂತವಳು ಮೂರಕ್ಕೆ ಎದ್ದಳು. ಊಟವನ್ನು ಅಲ್ಲಿಗೇ ಒಯ್ದೆ. ಒಂದೊಂದೇ ದಳ ಬಿಡುವುದನ್ನು ಹೇಳುತ್ತ, ಮೀನು ಎಲೆಯಡಿ ಹೋದದ್ದನ್ನು ಹೇಳುತ್ತ, ತನ್ನ ತವರಿನ ಕೆರೆಯನ್ನು ಹೇಳುತ್ತ, ಮಾತು ಮಾತು ಮಾತು. ಇಡೀ ದಿನ ನೀರು ಕೇಳಲೇ ಇಲ್ಲ. ನಾನೂ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಬೇರೇನೂ ಕೆಲಸ ಮಾಡಲಿಲ್ಲ.

ಏಪ್ರಿಲ್ 9, ಬುಧವಾರ

ಬರಲ್ಲ ಎಂದಳು. ಒಂಬತ್ತೂವರೆ ಆಯಿತು, ಆಟೋದವನು ಹಾರ್ನ್ ಹೊಡೆಯುತ್ತಿದ್ದ. "ಇವತ್ತೊಂದಿನ ಬಿಟ್ಬಿಡ್ರೀ. ನಾಳೆ ಹೂ ಇರಲ್ಲ" ಎಂದಳು. ಗೋಗರೆದೆ, ಗದರಿದೆ, ಕೈ ಹಿಡಿದು ಎಳೆದೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಳು.

ಆಗ ಅದು ನನ್ನ ಕೈಯಿಂದ ಆಗಿಹೋಯಿತು. ತೊಟ್ಟಿಗೆ ಮೊಣಕೈವರೆಗೆ ಕೈ ಹಾಕಿ ದಂಟು ಕಿತ್ತು, ಹೂವನ್ನು ಅವಳ ಮಡಿಲಿಗೆ ಎಸೆದೆ. "ತಗಾ, ನೋಡಿದ್ದಾತಲ್ಲ, ಇನ್ನಾದ್ರೂ ಏಳು!" ಎಂದು ಕಿರುಚಿದೆ. ಬೇಲಿಯಾಚೆ ಸುಬ್ಬಪ್ಪನ ಹೆಂಡತಿ ಒಳಗೆ ಓಡಿಹೋದಳು.

ಅವಳು ಏಳಲಿಲ್ಲ. ಆಟೋ ಹೋಯಿತು. ಅರ್ಧ ಅರಳಿದ ಹೂ ಮಧ್ಯಾಹ್ನದೊಳಗೆ ಅವಳ ಮಡಿಲಲ್ಲಿ ಮುಚ್ಚಿಕೊಂಡಿತು. ಸೀರೆ ಒದ್ದೆಯಾಗಿತ್ತು, ಬದಲಿಸು ಎಂದರೂ ಬದಲಿಸಲಿಲ್ಲ. ಕ್ಷಮಿಸು ಎಂದು ಕೇಳಬೇಕೆಂದು ನಾಲ್ಕು ಸಲ ಹತ್ತಿರ ಹೋಗಿ, ಸೀರೆ ಬದಲಿಸು ಎಂದಷ್ಟೇ ಹೇಳಿ ಬಂದೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಉಸಿರು ಸಿಗದೆ ಒದ್ದಾಡಿದಳು. ಆಂಬುಲೆನ್ಸ್, ಆಮ್ಲಜನಕ, ತುರ್ತು ಡಯಾಲಿಸಿಸ್. ಬದುಕಿದಳು. ತೊಟ್ಟಿಯ ಮೀನಿನ ಥರ ಬಾಯಿ ಬಿಡುತ್ತಿದ್ದಳು. ಇನ್ನು ಬರೆಯಲಾರೆ.

ಏಪ್ರಿಲ್ 14, ಸೋಮವಾರ

ಶನಿವಾರ ಮನೆಗೆ ಬಂದೆವು. ಇವತ್ತು ಪಾಳಿಯ ದಿನ. ಎಂಟು ಗಂಟೆಗೆ ಸ್ನಾನ, ಪೂಜೆ ಮುಗಿಸಿ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದಳು.

"ಆ ಮಷೀನು ಇನ್ನು ಸಾಕ್ರೀ. ಹೂವಿನ ಸಿಟ್ಟಿಗೆ ಹೇಳ್ತಿಲ್ಲ. ಆ ಮಂಗಳವಾರ ಕೂತಿದ್ನಲ್ಲ, ಹಂಗೆ ನಾಕು ದಿನ ಮನೇಲಿ ಕೂತು ಹೋಗ್ತೀನಿ."

ನಾನು ಹೇಳಬಾರದ್ದನ್ನೆಲ್ಲ ಹೇಳಿದೆ. ಮಗಳ ಆಣೆ ಹಾಕಿದೆ. ಲಿಂಗ ಮುಟ್ಟಿಸಲು ಹೋದೆ. ಎಲ್ಲ ಮುಗಿದ ಮೇಲೆ, "ನೀವು ಅಷ್ಟು ವರ್ಷ ತೂಬು ಕಾದಿರಿ. ಬ್ಯಾಡ ಅಂದೋರ ಗದ್ದೆಗೆ ಯಾವತ್ತಾದ್ರೂ ನೀರು ಬಿಟ್ಟೀರೇನು?" ಎಂದು ಕೇಳಿದಳು.

ಇಲ್ಲ. ಬಿಟ್ಟಿಲ್ಲ.

ಹೂವನ್ನು ನಾನು ಬೆಳೆಸದೇ ಇದ್ದಿದ್ದರೆ ಆ ಮಂಗಳವಾರ ಬರುತ್ತಿರಲಿಲ್ಲ. ಅವಳು ಇನ್ನೂ ನಾಲ್ಕು ವರ್ಷ ಗೋಡೆ ನೋಡುತ್ತ ಬದುಕಿರುತ್ತಿದ್ದಳು. ಅದೂ ಸಾಕಿತ್ತು ನನಗೆ.

ಏಪ್ರಿಲ್ 16, ಬುಧವಾರ

ಸೌಂದರ್ಯ ಬಂದಳು. "ಅಪ್ಪಾಜಿ, ಹೊತ್ಕೊಂಡಾದ್ರೂ ಹೋಗಣ" ಎಂದು ಅತ್ತಳು. ತಾಯಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವಳು ನನ್ನ ಹತ್ತಿರ ಮತ್ತೆ ಆ ಮಾತು ಎತ್ತಲಿಲ್ಲ, ತಾಯಿಯ ತಲೆ ಬಾಚಲು ಕೂತಳು.

ಡಾಕ್ಟರ ಹತ್ತಿರ ನಾನೊಬ್ಬನೇ ಹೋಗಿ ಬಂದೆ. ಒಂದು ವಾರ, ಹತ್ತು ದಿನ ಎಂದರು. ಸಂಕಟವಾದರೆ ಕೊಡಲು ಔಷಧಿ ಬರೆದುಕೊಟ್ಟರು. "ಇನ್ನು ಅಳತೆ ಬೇಡ, ಕೇಳಿದಷ್ಟು ಕೊಡಿ" ಎಂದರು. ಅವರೇನೋ ಹೇಳಿಬಿಟ್ಟರು.

ಏಪ್ರಿಲ್ 18, ಶುಕ್ರವಾರ

ಇವತ್ತು ಎರಡು ಸಲ ನೀರು ಕೇಳಿದಳು. ಎರಡು ಸಲವೂ ಅಳತೆಯ ಲೋಟದಲ್ಲಿ ಐವತ್ತು ಐವತ್ತು ಕೊಟ್ಟೆ. ಸೌಂದರ್ಯ ನನ್ನ ಮುಖ ನೋಡಿದಳು. ಗೊತ್ತು, ಗೊತ್ತು. ಕೈ ಕೇಳುವುದಿಲ್ಲ.

ಏಪ್ರಿಲ್ 20, ಭಾನುವಾರ

ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮಂಚವನ್ನೇ ಹಿತ್ತಲ ಬಾಗಿಲಿಗೆ ಎಳೆದು ದಿಂಬಿಗೆ ಒರಗಿಸಿದೆವು. ಎರಡನೆಯ ಮೊಗ್ಗು ನೀರಿನೊಳಗಿದೆ, ಇನ್ನೂ ಮೂರ್ನಾಲ್ಕು ದಿನ ಬೇಕು. ಅವಳು ಅದನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಬುಧವಾರ ಹೂ ಕಿತ್ತಿದ್ದಕ್ಕೆ ತಪ್ಪಾಯಿತು ಎಂದೆ. "ಯಾವ ಬುಧವಾರ?" ಎಂದಳು. ಮರೆತಿದ್ದಳೋ, ಮರೆತಂತೆ ಮಾಡಿದಳೋ ತಿಳಿಯಲಿಲ್ಲ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಕಣ್ಣು ಬಿಟ್ಟು, "ಏನ್ರೀ, ನೀರು" ಎಂದಳು. ಸೌಂದರ್ಯ ಎದ್ದಳು. ನಾನು ಬೇಡವೆಂದು ತಡೆದು ಒಳಗೆ ಹೋದೆ. ಮಡಕೆಯಿಂದ ಹಿತ್ತಾಳೆ ಚೊಂಬಿನ ತುಂಬ ನೀರು ತುಂಬಿಕೊಂಡು ಬಂದೆ. ನಡೆಯುವಾಗ ತುಳುಕಿ ಪಾದದ ಮೇಲೆ ಬಿತ್ತು.

ಅವಳು ಚೊಂಬು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತಲೆಯ ಹಿಂದೆ ಕೈ ಕೊಟ್ಟು ಎತ್ತಿದೆ. ಗುಟುಕು ಗುಟುಕಾಗಿ ಕುಡಿದಳು. ಪ್ರತಿ ಗುಟುಕಿಗೂ ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಅರ್ಧ ಕುಡಿದು ನಿಲ್ಲಿಸಿದಳು. ಉಸಿರು ಕೂಡಿಸಿಕೊಂಡು ಹೇಳಿದಳು.

"ಉಳಿದಿದ್ದು ನೀವು ಕುಡೀರಿ. ನನ್ನೆದ್ರಿಗೆ ನೀವು ನೀರು ಕುಡಿದು ಎಷ್ಟು ದಿನ ಆತು."

ಇಲ್ಲವಲ್ಲ, ಕುಡಿಯುತ್ತೇನಲ್ಲ ಎನ್ನಲು ಹೋದೆ. ಯೋಚಿಸಿದರೆ ಅವಳೆದುರು ಕುಡಿದ ಒಂದು ದಿನವೂ ನೆನಪಿಗೆ ಬರಲಿಲ್ಲ.

ಮಂಚದ ಅಂಚಿಗೆ, ಅವಳ ಎದುರಿಗೇ ಕೂತು ಕುಡಿದೆ. ಚೊಂಬು ಖಾಲಿಯಾಗುವ ತನಕ ಅವಳು ನೋಡುತ್ತಲೇ ಇದ್ದಳು.